ಗೋದಲಿಗಳ ಊರಿನಲ್ಲಿ ಜನವರಿ

ಹೂರಾ, ಬಹ್ರೇನ್
15 ನವೆಂಬರ್ 2024

ಪ್ರೀತಿಯ ರೋಶೆಲ್,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಸ್ಯಾವಿಯೊ ಎತ್ತುತ್ತಾನೆ. "ಅವಳು ಮಲಗಿದ್ದಾಳೆ ಮಮ್ಮಿ" ಎನ್ನುತ್ತಾನೆ. ಬೆಳಿಗ್ಗೆ ಕೇಳಿದರೂ ಅದೇ, ಸಂಜೆ ಕೇಳಿದರೂ ಅದೇ. ಅಷ್ಟು ಹೊತ್ತು ಯಾರೂ ಮಲಗುವುದಿಲ್ಲವೆಂದು ನನಗೂ ಗೊತ್ತು, ನಿನ್ನ ಗಂಡನಿಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ನೀನು ಕಿನ್ನಿಗೋಳಿಯಲ್ಲಿ ಅಜ್ಜಿಯ ಜೊತೆ ಇದ್ದ ವರ್ಷಗಳಲ್ಲಿ ನಾವಿಬ್ಬರು ಮಾತಾಡಿದ್ದು ಹೀಗೆಯೇ ಅಲ್ಲವೇ. ಈಗ ಅಂಚೆಗೆ ಹಾಕುವ ಕೆಲಸವಿಲ್ಲ. ಕಾಗದದಲ್ಲಿ ಬರೆದು ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಮನಸ್ಸಾದಾಗ ಓದು.

ಇವತ್ತು ಶುಕ್ರವಾರ. ಇಗರ್ಜಿಯಲ್ಲಿ ಮಗುವಿನ ಆತ್ಮಕ್ಕಾಗಿ ಪೂಜೆಗೆ ಕೊಟ್ಟಿದ್ದೆವು. ಹೆಸರು ಏನೆಂದು ಆಫೀಸಿನಲ್ಲಿ ಕೇಳಿದರು. ನೀವು ಹೆಸರಿಟ್ಟಿರೋ ಇಲ್ಲವೋ ನನಗೆ ತಿಳಿಯದು. "ರೋಶೆಲಳ ಮಗು" ಎಂದು ಬರೆಸಿದೆ. ಪಾದ್ರಿಯವರು ಓದುವಾಗ "ರೋಶೆಲ್" ಎಂದಷ್ಟೇ ಓದಿದರು. ಪೂಜೆ ಮುಗಿದು ಹೊರಗೆ ಬಂದರೆ ನಮ್ಮ ಬಿಲ್ಡಿಂಗಿನ ಮೇಬಲ್ ಓಡಿ ಬಂದು ನನ್ನ ಕೈ ಹಿಡಿದು ಅಳುತ್ತಿದ್ದಾಳೆ. ಅವಳು ನೀನೇ ಹೋದೆಯೆಂದು ತಿಳಿದುಬಿಟ್ಟಿದ್ದಳು. ನಿನ್ನ ಪಪ್ಪ ಅವಳಿಗೆ ವಿವರಿಸಿದರು. ನನ್ನಿಂದ ಆಗಲಿಲ್ಲ.

ನನ್ನ ವೀಸಾ ನಿನ್ನೆ ಬಂತು. ನಿನ್ನ ಬಾಣಂತನಕ್ಕೆಂದು ಹಾಕಿದ ಅರ್ಜಿ ಅದು. ಡಿಸೆಂಬರಿನಲ್ಲಿ ಹೆರಿಗೆ ಎಂದಿದ್ದರು, ಅಕ್ಟೋಬರಿನಲ್ಲೇ ಎಲ್ಲ ಮುಗಿದುಹೋಯಿತು. ಬಂದ ವೀಸಾವನ್ನು ಹಿಂದಕ್ಕೆ ಕೊಡುವುದಿಲ್ಲ. ನಾನು ಬರುತ್ತೇನೆ.

ಊಟ ಮಾಡು.

ನಿನ್ನ ಮಮ್ಮಿ
ಫ್ಲಾವಿಯಾ


ಬಾಂಬರ್ಗ್, ಜರ್ಮನಿ
1 ಡಿಸೆಂಬರ್ 2024

ಮಮ್ಮಿ,

ಕಾಗದ ಓದಿದೆ. ಈಗ ಬರಬೇಡ. ಬರಲೇಬೇಕೆಂದಿದ್ದರೆ ಮೇ ತಿಂಗಳಲ್ಲಿ ಬಾ. ಆಗ ಬಿಸಿಲಿರುತ್ತದೆ, ನಿನಗೂ ನಡೆದಾಡಲು ಆಗುತ್ತದೆ.

ಈಗ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ನೆಲದಲ್ಲಿ ಹಾಸಿದ ಕಲ್ಲುಗಳ ಮೇಲೆ ಮಂಜು ಗಟ್ಟಿಯಾಗಿ, ಕಾಲಿಟ್ಟರೆ ಜಾರುತ್ತದೆ. ಹೋದ ವಾರ ನಮ್ಮ ಕೆಳಗಿನ ಮನೆಯ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು. ಆದರೂ ಪ್ರವಾಸಿಗಳಿಗೆ ಕಡಿಮೆಯಿಲ್ಲ, ಕ್ರಿಸ್ಮಸ್ ಸಂತೆಗೆಂದು ಬಸ್ಸುಗಟ್ಟಲೆ ಬರುತ್ತಾರೆ. ಗೈಡುಗಳು ಕೊಡೆ ಎತ್ತಿ ಹಿಡಿದು ನಮ್ಮ ಕಿಟಕಿಯ ಕೆಳಗೆ ನಿಂತು, ಇದು ಸಾವಿರ ವರ್ಷದ ಊರು, ಯುದ್ಧದಲ್ಲಿ ಅಕ್ಕಪಕ್ಕದ ಊರುಗಳೆಲ್ಲ ಸುಟ್ಟುಹೋದರೂ ಇದು ಉಳಿಯಿತು ಎಂದು ಹೇಳುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೊಂದೇ ಮಾತು ಮೇಲೆ ಬರುತ್ತದೆ. ಉಳಿಯಿತು, ಉಳಿಯಿತು. ಕಿಟಕಿ ಮುಚ್ಚಿದರೂ ಕೇಳುತ್ತದೆ.

ಮಗು ಉಳಿಯದಿದ್ದರೂ ಇಲ್ಲಿ ಹೆರಿಗೆ ರಜೆ ಕೊಡುತ್ತಾರೆ. ಅದು ಈ ತಿಂಗಳು ಮುಗಿಯುತ್ತದೆ. ಆಮೇಲೆ ಆಸ್ಪತ್ರೆಗೆ ಮತ್ತೆ ನರ್ಸಿಂಗ್ ಡ್ಯೂಟಿಗೆ ಹೋಗುತ್ತೇನೆ. ಕೆಲಸಕ್ಕೆ ಹೋದರೆ ಸರಿಯಾಗುತ್ತದೆಂದು ಸ್ಯಾವಿಯೊ ಹೇಳುತ್ತಾರೆ. ನಾವು ಜಗಳವಾಡುವುದಿಲ್ಲ. ಮಾತೂ ಹೆಚ್ಚಿಲ್ಲ.

ಪಪ್ಪನಿಗೆ ಶುಗರ್ ಮಾತ್ರೆ ತಪ್ಪಿಸಬೇಡಿ ಎಂದು ಹೇಳು.

ರೋಶೆಲ್


ಹೂರಾ
13 ಡಿಸೆಂಬರ್ 2024

ಪ್ರೀತಿಯ ರೋಶೆಲ್,

ಟಿಕೆಟ್ ಆಯಿತು. ಹೋಟೆಲಿನಲ್ಲಿ ನನಗೆ ಜನವರಿಯಲ್ಲಿ ಮಾತ್ರ ರಜೆ ಕೊಡುತ್ತಾರೆ. ಮೇ ತಿಂಗಳಲ್ಲಿ ಹೌಸ್‌ಕೀಪಿಂಗಿನ ಅರ್ಧ ಜನ ಊರಿಗೆ ಹೋಗುತ್ತಾರೆ, ಆಗ ಕೇಳಿದರೆ ಮ್ಯಾನೇಜರ್ ಮುಖ ಸಿಂಡರಿಸುತ್ತಾನೆ. ಅದೂ ಅಲ್ಲದೆ ಬಾಣಂತಿಯನ್ನು ನೋಡಲಿಕ್ಕೆ ಬಿಸಿಲು ಬರಲೆಂದು ಯಾರು ಕಾಯುತ್ತಾರೆ? ನೀನು ಬಾಣಂತಿಯೇ. ಮಗು ಇಲ್ಲದಿದ್ದರೂ ಹೆತ್ತ ಮೈ ಹೆತ್ತ ಮೈಯೇ. ಅದಕ್ಕೆ ಎಣ್ಣೆ ಬೇಕು, ಬಿಸಿನೀರು ಬೇಕು, ಮೆಂತೆ ಬೇಕು. ಅಲ್ಲಿ ನಿನಗೆ ಯಾರು ಮಾಡಿದರು? ಯಾರೂ ಇಲ್ಲ.

ಊರಿನಿಂದ ಎಣ್ಣೆ ತರಿಸಿದ್ದೇನೆ. ಕುಚ್ಚಲಕ್ಕಿ, ಒಣಮೀನು, ಜೀರಿಗೆ, ಎಲ್ಲ ಕಟ್ಟಿಟ್ಟಾಯಿತು.

ಇನ್ನೊಂದು ಮಾತು. ಎದುರಿಗೆ ಹೇಳಿದರೆ ನೀನು ಎದ್ದು ಹೋಗಬಹುದೆಂದು ಇಲ್ಲೇ ಬರೆಯುತ್ತೇನೆ. ಆ ಹಿಮದ ಕೆಳಗೆ, ನಮ್ಮವರೆನ್ನುವ ಯಾರೂ ಇಲ್ಲದ ಕಡೆ ಮಗುವನ್ನು ಬಿಡುವುದು ನನಗೆ ಸರಿಕಾಣುವುದಿಲ್ಲ. ಕಿನ್ನಿಗೋಳಿಯಲ್ಲಿ ನಿನ್ನ ಅಜ್ಜಿಯ ಗೋರಿಯ ಪಕ್ಕ ಜಾಗ ಉಂಟು. ಕೊಂಡುಹೋಗಲು ಆಗುವುದಾದರೆ ಏನೇನು ಮಾಡಬೇಕೆಂದು ಸ್ಯಾವಿಯೊ ವಿಚಾರಿಸಲಿ. ನಾನು ಬಂದಾಗ ಮಾತಾಡುವ.

ನಿನ್ನ ಮಮ್ಮಿ
ಫ್ಲಾವಿಯಾ


ಬಾಂಬರ್ಗ್
12 ಜನವರಿ 2025

ರೋಶೆಲಳ ಪಪ್ಪನಿಗೆ,

ಫೋನಿನಲ್ಲಿ ಎಲ್ಲ ಸರಿ ಉಂಟು ಎಂದೆನಲ್ಲ, ಅದು ಅವಳು ಅಡುಗೆಮನೆಯಲ್ಲೇ ಇದ್ದದ್ದಕ್ಕೆ. ಈ ಮನೆ ಸಣ್ಣದು, ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ. ಈಗ ಅವಳು ಡ್ಯೂಟಿಗೆ ಹೋಗಿದ್ದಾಳೆ. ಕುಳಿತು ಬರೆಯುತ್ತಿದ್ದೇನೆ. ಬರೆಯುವ ಕೈಗೂ ಶಾಲು ಸುತ್ತಿಕೊಂಡಿದ್ದೇನೆ.

ಅವಳು ತುಂಬ ಇಳಿದಿದ್ದಾಳೆ. ಮೊದಲ ದಿನ ಎಣ್ಣೆ ಹಚ್ಚುತ್ತೇನೆಂದಾಗ ಬೇಡ ಎಂದಳು. ಎರಡನೇ ದಿನ ತಾನಾಗಿಯೇ ಬಂದು ನನ್ನ ಮುಂದೆ ಬೆನ್ನು ಮಾಡಿ ಕುಳಿತಳು. ಅವಳು ಹುಟ್ಟಿದ ಮೇಲೆ ಅವಳ ಬೆನ್ನನ್ನು ನಾನು ಇಷ್ಟು ಹೊತ್ತು ಮುಟ್ಟಿದ್ದೇ ಇಲ್ಲವೇನೋ. ಎಲುಬು ಒಂದೊಂದೂ ಕೈಗೆ ಸಿಗುತ್ತದೆ. ಎದ್ದು ಹೋಗುವಾಗ "ಸಾಕು ಮಮ್ಮಿ, ನಿನ್ನ ಕೈ ನೋಯ್ತದೆ" ಎಂದಳು.

ಊರು ನೋಡಲು ಚೆಂದ ಎನ್ನಬೇಕು. ಹೊಳೆಯ ನಡುವೆಯೇ ಸೇತುವೆಯ ಮೇಲೆ ಹಳೇ ಕಾಲದ ಪುರಭವನ ಕಟ್ಟಿದ್ದಾರೆ. ಗೋಡೆಯ ತುಂಬ ಚಿತ್ರ, ಅದರಲ್ಲಿ ಒಂದು ದೇವದೂತನ ಕಾಲು ಮಾತ್ರ ಕಲ್ಲಿನಲ್ಲಿ ಕಡೆದು ಗೋಡೆಯಿಂದ ಆಚೆಗೆ ಬಂದಿದೆ. ಗುಡ್ಡದ ಮೇಲೆ ನಾಲ್ಕು ಗೋಪುರದ ದೊಡ್ಡ ಇಗರ್ಜಿ. ಮನೆಯ ಮಾಡುಗಳೆಲ್ಲ ಹಿಮದಿಂದ ಬಿಳಿ, ಆಕಾಶ ಬೂದಿಯ ಹಾಗೆ. ನಾನು ಬಂದಾಗಿನಿಂದ ಸೂರ್ಯನನ್ನು ಕಂಡಿಲ್ಲ. ಮನೆಮನೆಯ ಬಾಗಿಲ ಮೇಲೆ ಮೂರು ಅರಸರ ಹಬ್ಬಕ್ಕೆ ಅರಸರ ವೇಷದ ಮಕ್ಕಳು ಸೀಮೆಸುಣ್ಣದಲ್ಲಿ ಆಶೀರ್ವಾದ ಬರೆದು ಹೋಗಿದ್ದಾರೆ. ರೋಶೆಲಳ ಬಾಗಿಲ ಮೇಲೆ ಇಲ್ಲ. ಆ ಮಕ್ಕಳು ಬಂದು ಬೆಲ್ ಒತ್ತಿದಾಗ ಅವಳು ತೆರೆಯಲಿಲ್ಲವಂತೆ, ಸ್ಯಾವಿಯೊ ಹೇಳಿದ.

ಈಗ ನಿನ್ನೆಯ ವಿಷಯ. ಈ ಊರು ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿಗಳಿಗೆ ಹೆಸರಾದದ್ದು. ಕ್ರಿಸ್ಮಸ್ ಮುಗಿದರೂ ತೆಗೆಯುವುದಿಲ್ಲ, ಫೆಬ್ರವರಿಯವರೆಗೆ ಇಡುತ್ತಾರೆ. ಒಂದೊಂದು ಇಗರ್ಜಿಯಲ್ಲಿ ಒಂದೊಂದು ರೀತಿ, ನೋಡಲಿಕ್ಕೆಂದೇ ಜನ ರೈಲು ಹತ್ತಿ ಬರುತ್ತಾರೆ. ಇಷ್ಟು ದೂರ ಬಂದು ಅದನ್ನು ನೋಡದೆ ಹೋಗುವುದೇ ಎಂದು ನಾನೇ ಹೊರಡಿಸಿದೆ. ಅವಳು ಕರೆದುಕೊಂಡು ಹೋದಳು. ಮೊದಲಿನ ಇಗರ್ಜಿಯ ಬಾಗಿಲಲ್ಲಿ "ನೀನು ನೋಡಿ ಬಾ ಮಮ್ಮಿ, ನಾನು ಇಲ್ಲೇ ನಿಲ್ತೇನೆ" ಎಂದಳು. ಎರಡನೆಯದರಲ್ಲೂ ಹಾಗೆಯೇ. ಹಿಮ ಬೀಳುತ್ತಿತ್ತು. ನಾನು ಒಳಗೆ ಕುರುಬರನ್ನೂ ಒಂಟೆಗಳನ್ನೂ ನೋಡುತ್ತಾ ನಿಧಾನ ಮಾಡಿದೆ. ಹೊರಗೆ ಬಂದರೆ ಅವಳ ಟೋಪಿಯ ಮೇಲೆಲ್ಲ ಹಿಮ. ಮೂರನೆಯ ಇಗರ್ಜಿಯಲ್ಲಿ ನನಗೆ ಸಿಟ್ಟು ಬಂತು.

"ನಿನಗೆ ಮರ್ಲಾ, ತಲೆ ಸರಿ ಉಂಟಾ? ಈ ಚಳಿಯಲ್ಲಿ ಹೊರಗೆ ಎಂತಕ್ಕೆ ನಿಲ್ಲುದು? ಒಳಗೆ ಬಾ" ಎಂದು ಕೈ ಹಿಡಿದು ಎಳೆದೆ.

ಬಂದಳು. ಅಲ್ಲಿ ಬಾಲಯೇಸುವಿನ ಮೂರ್ತಿ ದೊಡ್ಡದು, ಮೇಣದ್ದು, ಈಗ ತಾನೇ ಹುಟ್ಟಿದ ಮಗುವಿನಷ್ಟೇ ಉಂಟು. ಹುಲ್ಲಿನ ಮೇಲೆ ಬರಿಗಾಲಲ್ಲಿ ಮಲಗಿಸಿದ್ದಾರೆ. ರೋಶೆಲ್ ಅದರ ಮುಂದೆ ನಿಂತಳು. ಅಳಲಿಲ್ಲ. ತುಂಬ ಹೊತ್ತು ನೋಡಿ, ಮೆಲ್ಲಗೆ, ಪಕ್ಕದ ಹಾಸಿಗೆಯ ಪೇಶೆಂಟಿನ ಬಗ್ಗೆ ಇನ್ನೊಬ್ಬ ನರ್ಸಿಗೆ ಹೇಳುವ ಹಾಗೆ, "ಕಾಲು ಮುಚ್ಚಲೇ ಇಲ್ಲ" ಎಂದಳು. ಆಮೇಲೆ ಹೊರಗೆ ಹೋದಳು.

ನನಗೆ ಆಗ ಗೊತ್ತಾಯಿತು. ಈ ಊರಿನಲ್ಲಿ ಎಲ್ಲಿ ಬಾಗಿಲು ತೆರೆದರೂ ಒಂದು ಮಗು ಮಲಗಿರುತ್ತದೆ. ಅಂಥ ಊರಿನಲ್ಲಿ ಅವಳು ಕ್ರಿಸ್ಮಸಿಗೆ ಮುಂಚಿನ ಅಡ್ವೆಂತಿನಿಂದ ಇಂದಿನವರೆಗೆ ದಿನ ದೂಡಿದ್ದಾಳೆ. ನಾನು ಬಂದು ಅವಳನ್ನು ಕೈ ಹಿಡಿದು ಎಳೆದೆ.

ದಾರಿಯಲ್ಲಿ ಏನಾದರೂ ಹೇಳಬೇಕೆಂದಿದ್ದೆ. ಹೇಳಿದ್ದು, "ರಾತ್ರಿಗೆ ಒಣಮೀನು ಹುರಿಯಲಾ?" ಎಂದು.

ನಿಮ್ಮ
ಫ್ಲಾವಿಯಾ


ಬಾಂಬರ್ಗ್
17 ಜನವರಿ 2025

ರೋಶೆಲಳ ಪಪ್ಪನಿಗೆ,

ಇವತ್ತು ಮಗುವಿನ ಹತ್ತಿರ ಹೋದೆವು. ಅವಳೇ ಬೆಳಿಗ್ಗೆ "ಹೋಗುವನಾ?" ಎಂದು ಕೇಳಿದಳು. ಸ್ಯಾವಿಯೊ ಬರಲಿಲ್ಲ. ಅವನು ಸಮಾಧಿಯ ದಿನ ಹೋದವನು ಮತ್ತೆ ಹೋಗಿಲ್ಲವಂತೆ. ಬೂಟು ಹಾಕಿಕೊಂಡು ಬಾಗಿಲವರೆಗೆ ಬಂದ, ಅಲ್ಲೇ ನಿಂತ.

ದೊಡ್ಡ ಸ್ಮಶಾನ. ಅದರ ಒಂದು ಮೂಲೆ ಇಂಥ ಮಕ್ಕಳಿಗೆಂದೇ ಬಿಟ್ಟಿದ್ದಾರೆ. ಹುಟ್ಟುವ ಮೊದಲೇ ಹೋದ ಮಕ್ಕಳನ್ನು ಇವರು ನಕ್ಷತ್ರದ ಮಕ್ಕಳು ಎನ್ನುತ್ತಾರಂತೆ. ಗಾಳಿಗಿರಿಗಿಟ್ಲೆ, ಗೊಂಬೆ, ಕೆಂಪು ಗಾಜಿನೊಳಗೆ ಮೇಣದ ಬತ್ತಿ. ಅರ್ಧಕ್ಕರ್ಧ ಹಿಮದಲ್ಲಿ ಹೂತುಹೋಗಿವೆ. ಯಾವುದು ನಮ್ಮದೆಂದು ನನಗೆ ತಿಳಿಯಲಿಲ್ಲ. ಅವಳಿಗೆ ತಿಳಿದಿತ್ತು. ನೇರ ಹೋಗಿ ಮೊಣಕಾಲೂರಿ ಕೈಯ ಗ್ಲೌಸು ತೆಗೆದು ಬರಿಗೈಯಲ್ಲಿ ಹಿಮ ಒರೆಸಿದಳು. ನೀರ್ದೋಸೆಯಷ್ಟು ತೆಳ್ಳಗೆ ಒಂದು ಪದರ ಮಂಜುಗಡ್ಡೆ ಇತ್ತು, ಅದನ್ನು ಉಗುರಿನಿಂದ ಎಬ್ಬಿಸಿದಳು. ಮರದ ಶಿಲುಬೆ. ಅದರ ಮೇಲೆ ಹೆಸರು: ಬ್ರಿಜಿಟ್ ಕ್ವಾಡ್ರಸ್. ಕೆಳಗೆ ತಾರೀಕು. ಒಂದೇ ತಾರೀಕು.

ಹೌದು, ನಿಮ್ಮ ಅಮ್ಮನ ಹೆಸರು. ನಾನು ಓದಿದೆ. ಅವಳು ನನ್ನ ಮುಖ ನೋಡಲಿಲ್ಲ, ನಾನೂ ಅವಳ ಮುಖ ನೋಡಲಿಲ್ಲ.

"ಒಳ್ಳೆ ಹೆಸರು" ಎಂದೆ.

"ಹ್ಞೂಂ" ಎಂದಳು.

ಇಬ್ಬರೂ ಸೇರಿ ನಮಾನ್ ಮರಿಯೆ ಪ್ರಾರ್ಥನೆ ಹೇಳಿದೆವು. ಬಾಯಿಂದ ಹೊಗೆ ಬರುತ್ತಿತ್ತು. ಆಮೇಲೆ ನಾನು, ಅವಳಿಗೆ ಕಾಗದದಲ್ಲಿ ಬರೆದಿದ್ದೆನಲ್ಲ, ಕಿನ್ನಿಗೋಳಿಯ ವಿಷಯ, ಅದನ್ನು ಎತ್ತಿದೆ. ಎತ್ತಬಾರದಿತ್ತೋ ಏನೋ. ಅಲ್ಲಿ ಅಜ್ಜಿಯ ಹೆಸರು ಕಂಡ ಮೇಲೆ, ಅಜ್ಜಿಯ ಪಕ್ಕವೇ ಇರಲಿ ಎಂದು ಅವಳಿಗೂ ಅನಿಸಬಹುದೆಂದುಕೊಂಡೆ.

ಅವಳು ಎದ್ದು ನಿಂತು ಮೊಣಕಾಲಿನ ಹಿಮ ಕೊಡವಿದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಒಳ್ಳೆಯದಿತ್ತು.

"ಎಲ್ಲಿಗೂ ಕೊಂಡುಹೋಗುದಿಲ್ಲ ಮಮ್ಮಿ. ನಾನು ಎಲ್ಲಿ ಇರ್ತೇನೋ, ನನ್ನ ಮಗು ಅಲ್ಲೇ ಇರ್ಲಿ. ಮಗುವನ್ನು ಒಂದು ಕಡೆ ಬಿಟ್ಟು ನಾನು ಇನ್ನೊಂದು ಕಡೆ ಇರುದು, ಅದು ನನ್ನಿಂದ ಆಗುದಿಲ್ಲ."

ಇಷ್ಟೇ ಹೇಳಿದ್ದು. ನನ್ನ ಬಗ್ಗೆ ಹೇಳಿದಳೆಂದು ನೀವು ತಿಳಿಯಬೇಡಿ. ಅವಳು ತನ್ನ ಬಗ್ಗೆ ಹೇಳಿದ್ದು.

ವಾಪಸು ಬರುವಾಗ ಜಾರುತ್ತದೆಂದು ನನ್ನ ತೋಳು ಹಿಡಿದುಕೊಂಡೇ ನಡೆದಳು. ಮನೆಯವರೆಗೂ ಬಿಡಲಿಲ್ಲ. ನಾವು ಯಾಕೆ ಆಗ ಅವಳನ್ನು ಬಹ್ರೇನಿಗೆ ತರಲಿಲ್ಲ ಎಂದು ನಿಮಗೆ ನೆನಪುಂಟಲ್ಲ. ಒಂದು ಕೋಣೆಯಲ್ಲಿ ಮೂರು ಸಂಸಾರ, ನಿಮಗೆ ಫ್ಯಾಮಿಲಿ ವೀಸಾ ಇರಲಿಲ್ಲ. ಅದೆಲ್ಲ ನಿಜವೇ. ನಿಜವಾದರೂ ಆ ಜಾಗದಲ್ಲಿ ನಿಂತು ಹೇಳುವ ಮಾತುಗಳಲ್ಲ.

ಭಾನುವಾರ ವಿಮಾನ, ಏರ್‌ಪೋರ್ಟಿಗೆ ಇಲ್ಲಿಂದ ರೈಲು. ಸ್ಟೇಶನ್ನಿಗೆ ಅವಳು ಬರುತ್ತಾಳೋ ಗೊತ್ತಿಲ್ಲ, ಡ್ಯೂಟಿ ಉಂಟಂತೆ.

ಫ್ಲಾವಿಯಾ


ಹೂರಾ
31 ಜನವರಿ 2025

ಮಗಳು ರೋಶೆಲ್,

ಪಪ್ಪ ಬರೆಯುವುದು. ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡಿನಲ್ಲಿ ಬರೆಯುವಷ್ಟೇ. ತಪ್ಪಿದ್ದರೆ ತಿದ್ದಿಕೋ.

ಮಮ್ಮಿ ಇಗರ್ಜಿಗೆ ಹೋಗಿದ್ದಾಳೆ. ನಾನು ಕಾಲು ನೋವೆಂದು ಹೋಗಲಿಲ್ಲ. ಕಾಲು ನೋವಿಲ್ಲ. ಇದನ್ನು ಬರೆಯಬೇಕಿತ್ತು.

ಅವಳು ಬಂದ ಮೇಲೆ ಮಾತು ಕಡಿಮೆಯಾಗಿದೆ. ಮೇಬಲ್ ಬಂದು ಜರ್ಮನಿ ಹೇಗಿತ್ತೆಂದು ಕೇಳಿದರೆ ಹೊಳೆಯ ಮೇಲಿನ ಪುರಭವನ, ನಾಲ್ಕು ಗೋಪುರ, ಗೋಡೆಯಿಂದ ಹೊರಬಂದ ಕಾಲು, ಎಲ್ಲ ಹೇಳುತ್ತಾಳೆ. ಎಲ್ಲರಿಗೂ ಅದನ್ನೇ, ಅದೇ ಕ್ರಮದಲ್ಲಿ ಹೇಳುತ್ತಾಳೆ. ನನಗೆ ಬಾಯಿಪಾಠ ಬಂದಿದೆ. ಮೊನ್ನೆ ಅನ್ನ ಸೀದುಹೋಗುವವರೆಗೆ ಒಲೆಯ ಎದುರೇ ನಿಂತಿದ್ದಳು. ವಾಸನೆ ಬಂದು ನಾನು ಹೋಗಿ ಗ್ಯಾಸು ಆರಿಸಿದೆ.

ಮಗುವಿಗೆ ನನ್ನ ಅಮ್ಮನ ಹೆಸರು ಇಟ್ಟೆ. ನನಗೆ ಸಂತೋಷವಾಯಿತು. ಆ ಸಂತೋಷವನ್ನು ಅವಳ ಎದುರು ತೋರಿಸಲಾಗಲಿಲ್ಲ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ.

ನೀನು ತಪ್ಪು ಮಾಡಿದೆಯೆಂದು ಅಲ್ಲ. ನಿನ್ನನ್ನು ಸಾಕಿದವಳು ನನ್ನ ಅಮ್ಮನೇ ತಾನೆ. ಆದರೆ ಒಂದು ವಿಷಯ ನಿನಗೆ ಗೊತ್ತಿರಲಿ. ನಿನ್ನನ್ನು ಬಿಟ್ಟು ಬಂದ ವರ್ಷ ನಿನ್ನ ಮಮ್ಮಿ ಇಲ್ಲಿ ಒಂದು ಅರಬ್ಬಿ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕಿದ್ದಳು. ಆ ಮಗು ಅವಳನ್ನು ಮಮ್ಮಾ ಎಂದು ಕರೆಯಲು ಶುರು ಮಾಡಿದ ದಿನ ಕೆಲಸ ಬಿಟ್ಟು ಬಂದಳು. ಅಂದು ನನ್ನೊಡನೆ ಏನೂ ಹೇಳಲಿಲ್ಲ. ನಾನು ಬೈದೆ. ಆಮೇಲೆ ಆ ಮನೆಯ ಡ್ರೈವರ್ ಹೇಳಿ ತಿಳಿಯಿತು.

ಫೋನು ಬಂದರೆ ಎತ್ತು. ನನಗಲ್ಲ, ಅವಳಿಗೆ.

ನಿನ್ನ ಪಪ್ಪ
ಚಾರ್ಲ್ಸ್


ಬಾಂಬರ್ಗ್
23 ಫೆಬ್ರವರಿ 2025

ಮಮ್ಮಿ,

ಎಣ್ಣೆ ಮುಗಿಯಿತು. ನೀನು ಹೋದ ಮೇಲೆ ನಾನೇ ಹಚ್ಚಿಕೊಂಡೆ, ಬೆನ್ನಿಗೆ ಕೈ ಎಟಕುವುದಿಲ್ಲ.

ಸ್ಟೇಶನ್ನಿಗೆ ಬಾರದಿದ್ದದ್ದಕ್ಕೆ ನಿನಗೆ ಬೇಸರವಾಗಿರಬಹುದು. ಡ್ಯೂಟಿ ಮುಗಿದಿತ್ತು. ಸ್ಟೇಶನ್ನಿನ ಎದುರಿನವರೆಗೆ ಬಂದೆ. ಗಾಜಿನಾಚೆ ಸ್ಯಾವಿಯೊ ನಿನಗೆ ಕಾಫಿ ತಂದುಕೊಡುವುದು ಕಂಡಿತು. ನೀನು ಎರಡೂ ಕೈಯಲ್ಲಿ ಕಪ್ಪು ಹಿಡಿದುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದೆ. ನನಗೆ ಒಳಗೆ ಬರಲಾಗಲಿಲ್ಲ. ಯಾಕೆಂದು ಕೇಳಬೇಡ.

ಊರಿನ ಗೋದಲಿಗಳನ್ನೆಲ್ಲ ತೆಗೆದಿದ್ದಾರೆ. ಹಿಮ ಮಾತ್ರ ಇನ್ನೂ ಉಂಟು.

ರೋಶೆಲ್


ಹೂರಾ
14 ಮಾರ್ಚ್ 2025

ಪ್ರೀತಿಯ ರೋಶೆಲ್,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರಿಸಲಿಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ. ನೀನು ಕೇಳಬೇಡ ಎಂದದ್ದನ್ನು ಕೇಳುವುದಿಲ್ಲ.

ಈಗ ಇಲ್ಲಿ ರಂಜಾನ್, ನಮಗೂ ಉಪವಾಸದ ಕಾಲ. ಹಗಲು ಹೋಟೆಲಿನಲ್ಲಿ ಜನವೇ ಇರುವುದಿಲ್ಲ. ಮೊನ್ನೆ ಲಿನನ್ ರೂಮಿನಲ್ಲಿ ಟವೆಲು ಮಡಚುತ್ತಿದ್ದಾಗ ನಶ್ವಾ ಬಂದು ಕುಳಿತಳು. ನಮ್ಮ ರಿಸೆಪ್ಶನ್ ನೋಡಿಕೊಳ್ಳುವವಳು, ಇಲ್ಲಿಯವಳೇ, ನನ್ನ ವಯಸ್ಸಿನವಳು. ನಿನ್ನ ಮದುವೆ ಸೀರೆಗೆ ಹಚ್ಚಲು ಅತ್ತರು ಕೊಟ್ಟಿದ್ದಳಲ್ಲ, ಅವಳು. ಜರ್ಮನಿ ಹೇಗಿತ್ತು ಫ್ಲಾವಿಯಾ ಎಂದು ಕೇಳಿದಳು. ನಾನು ಹೊಳೆ, ಸೇತುವೆ ಎಂದು ಶುರು ಮಾಡಿದೆ. ಅವಳು ತಡೆದು, ಮಗಳು ಹೇಗಿದ್ದಾಳೆ, ಅವಳಿಗೆ ಮಕ್ಕಳೆಷ್ಟು ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಯಾಕೋ ಅಲ್ಲಿ, ಟವೆಲುಗಳ ನಡುವೆ, ನನ್ನ ಬಾಯಿಂದ ಬಂತು. ಒಂದು ಮಗು ಇತ್ತು, ಹುಟ್ಟುವ ಮೊದಲೇ ಹೋಯಿತು ಎಂದೆ.

ಎಲ್ಲರೂ ಇದಕ್ಕೆ ಏನು ಹೇಳುತ್ತಾರೆಂದು ನಿನಗೆ ಗೊತ್ತು. ದೇವರ ಇಚ್ಛೆ, ಇನ್ನೂ ಪ್ರಾಯ ಉಂಟಲ್ಲ, ಇನ್ನೊಂದು ಆಗುತ್ತದೆ. ಅವಳು ಅದೊಂದನ್ನೂ ಹೇಳಲಿಲ್ಲ. ಅವಳಿಗೆ ಬರುವ ಹಿಂದಿಯಲ್ಲಿ, "ಹುಡುಗಿಯಾ? ಯಾರ ಹಾಗೆ ಇದ್ದಳು?" ಎಂದು ಕೇಳಿದಳು.

ಹುಡುಗಿ ಎಂದೆ, ಮಡಚಿದ ಟವೆಲನ್ನೇ ಬಿಡಿಸಿ ಮತ್ತೆ ಮಡಚಿದೆ.

ಅವಳೂ ಒಂದು ಟವೆಲು ಎತ್ತಿಕೊಂಡಳು. ಆಮೇಲೆ, "ನನ್ನ ಮೊದಲನೆಯವನಿಗೆ ಭುಜದ ಮೇಲೂ ಕೂದಲಿತ್ತು" ಎಂದಳು. ಅವಳಿಗೆ ಇರುವುದು ಇಬ್ಬರು ಹೆಣ್ಣುಮಕ್ಕಳು ಎಂದೇ ನಾನು ಇಷ್ಟು ವರ್ಷ ತಿಳಿದದ್ದು. ಅರ್ಧ ರಾಶಿ ಟವೆಲು ಮಡಚಿಕೊಟ್ಟು ಎದ್ದು ಹೋದಳು.

ರೋಶೆಲ್, ನಾನು ನಿನ್ನ ಮನೆಗೆ ಬಂದೆ, ಎಣ್ಣೆ ಹಚ್ಚಿದೆ, ಅಡುಗೆ ಮಾಡಿದೆ, ಗೋರಿಯವರೆಗೂ ಬಂದೆ. ಎಲ್ಲಿ ಇಡಬೇಕೆಂದು ಮಾತಾಡಿದೆ. ಇದೊಂದನ್ನು ಕೇಳಲಿಲ್ಲ. ನಿನಗೆ ನೋವಾಗುತ್ತದೆಂದು ನಾನು, ನಮಗೆ ನೋವಾಗುತ್ತದೆಂದು ನೀನು. ಹೇಳಲು ಮನಸ್ಸಿಲ್ಲದಿದ್ದರೆ ಬೇಡ, ನಾನು ತಪ್ಪು ತಿಳಿದುಕೊಳ್ಳುವುದಿಲ್ಲ.

ನಮ್ಮ ಬ್ರಿಜಿಟ್ ನೋಡಲು ಹೇಗಿದ್ದಳು?

ಮಮ್ಮಿ


ಬಾಂಬರ್ಗ್
23 ಮಾರ್ಚ್ 2025

ಮಮ್ಮಿ,

ಇದನ್ನು ಯಾರೂ ಕೇಳಿರಲಿಲ್ಲ. ಆಸ್ಪತ್ರೆಯವರು ನಿದ್ದೆ ಬರುತ್ತದಾ ಎಂದು ಕೇಳಿದರು. ಪಾದ್ರಿಯವರು ಪ್ರಾರ್ಥನೆ ಮಾಡುತ್ತೀಯಾ ಎಂದು ಕೇಳಿದರು. ಸ್ಯಾವಿಯೊ ಕೇಳುವ ಅಗತ್ಯವಿಲ್ಲ, ಅವರು ನೋಡಿದ್ದಾರೆ. ಆದರೆ ಒಂದೇ ಸಲ ನೋಡಿ ಹೊರಗೆ ಹೋದರು. ನಿನ್ನ ಕಾಗದವನ್ನು ಅವರಿಗೂ ಓದಿ ಹೇಳಿದೆ. ಈಗ ಪಕ್ಕದಲ್ಲೇ ಕುಳಿತಿದ್ದಾರೆ. ಬರೆಯುವುದನ್ನು ನೋಡುತ್ತಿದ್ದಾರೆ, ಓದಲು ಅವರಿಗೆ ಕನ್ನಡ ಸರಿಯಾಗಿ ಬರುವುದಿಲ್ಲ.

ಅವಳು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹುಟ್ಟಿದಳು. ಸೂಲಗಿತ್ತಿ ತೊಳೆದು, ಇಲ್ಲಿನ ಹೆಂಗಸರು ಇಂಥ ಮಕ್ಕಳಿಗೆಂದೇ ಹೆಣೆದು ಕೊಡುವ ಪುಟ್ಟ ಅಂಗಿ ತೊಡಿಸಿ ನನ್ನ ಕೈಗೆ ಕೊಟ್ಟಳು. ಸಂಜೆಯವರೆಗೆ ಇಟ್ಟುಕೊಳ್ಳಬಹುದು ಎಂದಳು. ಇಟ್ಟುಕೊಂಡೆ. ಮೊದಲು ಬೆಚ್ಚಗಿದ್ದಳು, ಅದು ನನ್ನದೇ ಬಿಸಿ ಎಂದು ನರ್ಸಾದ ನನಗೆ ಗೊತ್ತಿತ್ತು.

ಕೂದಲು ತುಂಬ ಇತ್ತು. ಕಪ್ಪು. ಕತ್ತಿನ ಹಿಂದೆ ಸುರುಳಿ. ಮೂಗು ಸ್ಯಾವಿಯೊ ಅವರದು, ತುದಿಯಲ್ಲಿ ಸ್ವಲ್ಪ ಚಪ್ಪಟೆ. ಉಗುರುಗಳು ಉದ್ದ ಇದ್ದವು, ಕತ್ತರಿಸಬೇಕಾಗುವಷ್ಟು. ಎಡಗೈ ಮುಷ್ಟಿ ಕಟ್ಟಿತ್ತು, ಬಿಡಿಸಿದರೆ ಬಿಡಿಸಿದ ಹಾಗೆಯೇ ಇತ್ತು. ಕಣ್ಣಿನ ಬಣ್ಣ ನನಗೆ ಗೊತ್ತಿಲ್ಲ. ರೆಪ್ಪೆ ಎತ್ತಿ ನೋಡುವುದು ನನಗೆ ದಿನಾ ಮಾಡುವ ಕೆಲಸ. ಅವಳದನ್ನು ಎತ್ತಲು ಧೈರ್ಯವಾಗಲಿಲ್ಲ.

ಬಾಯಿ ನಿನ್ನದು. ಏನೋ ಹೇಳಲು ಹೊರಟು ಬೇಡವೆಂದು ನಿಲ್ಲಿಸುವಾಗ ನೀನು ಕೆಳತುಟಿಯನ್ನು ಒಳಗೆ ಎಳೆದುಕೊಳ್ಳುತ್ತೀಯಲ್ಲ, ಸರಿಯಾಗಿ ಹಾಗೆ. ಅದನ್ನೇ ನಾನು ಮೊದಲು ನೋಡಿದ್ದು. ನನಗೆ ನಗು ಬಂತು. ನಿಜವಾಗಿಯೂ ನಕ್ಕೆ, ಸೂಲಗಿತ್ತಿ ಹೆದರಿದಳು. ಈಗಲೇ ಮಮ್ಮಿಗೆ ಹೇಳಬೇಕೆಂದು ಫೋನು ಎತ್ತಿಕೊಂಡೆ. ಆಗ ಬಹ್ರೇನಿನಲ್ಲಿ ಮಧ್ಯಾಹ್ನ. ನೀನು ಡ್ಯೂಟಿಯಲ್ಲಿರುತ್ತೀ ಎಂದು ಕೆಳಗಿಟ್ಟೆ. ಚಿಕ್ಕಂದಿನಿಂದಲೂ ಅದೇ ಅಭ್ಯಾಸ.

ರೋಶೆಲ್